ರಸ್ತೆ ಕಾಮಗಾರಿಯ ಧೂಳು: ಅಳೆಯುವ ಬಗೆ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಊರ ಪಕ್ಕದ ರಸ್ತೆ ಅಗಲವಾಗುತ್ತದೆ ಎಂದರೆ ಯಾರಿಗೂ ಬೇಸರವಿಲ್ಲ. ಟೊಮ್ಯಾಟೊ ಬೇಗ ಮಾರುಕಟ್ಟೆ ಮುಟ್ಟುತ್ತದೆ, ಹಾಲಿನ ವ್ಯಾನು ಹೊತ್ತಿಗೆ ಸರಿಯಾಗಿ ಬರುತ್ತದೆ. ಆದರೆ ಕಾಮಗಾರಿ ನಡೆಯುವಷ್ಟು ಕಾಲ ಡೈವರ್ಷನ್ ಮಣ್ಣುರಸ್ತೆಯಲ್ಲಿ ಟಿಪ್ಪರುಗಳು ಹಗಲಿರುಳು ಓಡಾಡುವಾಗ ಪಕ್ಕದ ಹೊಲದವನ ಪಾಡು ಬೇರೆಯೇ ಆಗಿರುತ್ತದೆ. ಹಿಪ್ಪುನೇರಳೆ ಸೊಪ್ಪು ಬೂದಿ ಬಳಿದಂತಾಗುತ್ತದೆ, ಮೆಣಸಿನ ಗಿಡಕ್ಕೆ ನುಸಿ ಹತ್ತುತ್ತದೆ. ದೂರು ಹೇಳಲು ಹೋದರೆ, "ಬೇಸಿಗೆಯಲ್ಲಿ ಧೂಳು ಎಲ್ಲಿ ಇಲ್ಲ ಸ್ವಾಮಿ?" ಎಂಬ ಉತ್ತರ ಬರುತ್ತದೆ. ಆ ಉತ್ತರ ಪೂರಾ ಸುಳ್ಳಲ್ಲ. ತೊಡಕು ಇರುವುದೇ ಅಲ್ಲಿ. ಗಾಳಿಯಲ್ಲಿ ಮೊದಲೇ ಇದ್ದ ಧೂಳು ಎಷ್ಟು, ರಸ್ತೆಯಿಂದ ಬಂದು ಸೇರಿದ್ದು ಎಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸಲಾಗದ ರೈತನ ಮಾತಿಗೆ ಕಚೇರಿಯಲ್ಲಿ ತೂಕ ಬರುವುದಿಲ್ಲ.

ಧೂಳೆಂದರೆ ಒಂದೇ ವಸ್ತುವಲ್ಲ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. 10 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ಪಿ.ಎಂ. 10 ಎಂದೂ, 2.5 ಮೈಕ್ರಾನಿಗಿಂತ ಸಣ್ಣವಕ್ಕೆ ಪಿ.ಎಂ. 2.5 ಎಂದೂ ಹೆಸರು. ಇವು ಉಸಿರಿನೊಡನೆ ಒಳಕ್ಕೆ ಹೋಗುತ್ತವೆ. ಅತಿ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಡೀಸೆಲ್ ಹೊಗೆಯಲ್ಲಿರುವುದು ಹೆಚ್ಚಾಗಿ ಈ ಅತಿ ಸಣ್ಣ ಕಣ. ಚಕ್ರಗಳು ಎಬ್ಬಿಸುವ ಮಣ್ಣು ಬಹುಪಾಲು ಇದಕ್ಕಿಂತ ದಪ್ಪ. ಗಂಟೆಗೆ ಹದಿನಾರು ಕಿಲೋಮೀಟರ್ ವೇಗದ ಗಾಳಿಯಲ್ಲಿ 100 ಮೈಕ್ರಾನ್ ಮೀರಿದ ಕಣ ಹತ್ತು ಮೀಟರಿನೊಳಗೇ ನೆಲಕ್ಕೆ ಬೀಳುತ್ತದೆ. 30ರಿಂದ 100 ಮೈಕ್ರಾನಿನದು ಸುಮಾರು ನೂರು ಮೀಟರಿನೊಳಗೆ ಬೀಳುತ್ತದೆ. ಬೆಳೆಯ ಎಲೆಯ ಮೇಲೆ ಕೂರುವುದು ಮುಖ್ಯವಾಗಿ ಈ ದಪ್ಪ ಧೂಳೇ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ 6 ನಿಯಮ ಬಂದಿದೆ. ಅದು ಕೊಳವೆಯಿಂದ ಬರುವ ಹೊಗೆಗೆ ಅನ್ವಯಿಸುತ್ತದೆಯೇ ಹೊರತು ಚಕ್ರದಡಿಯ ಮಣ್ಣಿಗಲ್ಲ. ಮಣ್ಣುರಸ್ತೆಯ ಧೂಳು ರಸ್ತೆಯ ಮೇಲಿನ ನುಣುಪು ಮಣ್ಣು, ವಾಹನಗಳ ಸಂಖ್ಯೆ, ತೂಕ, ವೇಗ ಮತ್ತು ತೇವವನ್ನು ಅವಲಂಬಿಸಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸೂತ್ರದಂತೆ ಲೆಕ್ಕ ಹಾಕಿದರೆ, ತೂಕ ಹತ್ತು ಪಟ್ಟಾದಾಗ ಒಂದೊಂದು ವಾಹನ ಎಬ್ಬಿಸುವ ಪಿ.ಎಂ. 10 ಧೂಳು ಸುಮಾರು ಮೂರು ಪಟ್ಟಾಗುತ್ತದೆ. ವಾಹನಗಳ ಸಂಖ್ಯೆ ಹತ್ತು ಪಟ್ಟಾದರೆ ಧೂಳೂ ಹತ್ತು ಪಟ್ಟು. ಆದುದರಿಂದ ದಿನಕ್ಕೆ ಎಷ್ಟು ಟಿಪ್ಪರು ಹೋದವು ಎಂದು ಎಣಿಸಿ ಬರೆದಿಡುವುದು ಮೊದಲ ಕೆಲಸ. ಶಾಲೆಗೆ ಹೋಗುವ ಹುಡುಗನೂ ರಜದ ದಿನ ಇದನ್ನು ಮಾಡಬಲ್ಲ.

ಸರ್ಕಾರಿ ಅಳತೆ ನಡೆಯುವುದು ಹೀಗೆ. ಯಂತ್ರವೊಂದು ಗಾಳಿಯನ್ನು ಎಳೆದು, ದಪ್ಪ ಕಣಗಳನ್ನು ಬೇರ್ಪಡಿಸಿ, ಉಳಿದದ್ದನ್ನು ಸೋಸುಕಾಗದದ ಮೇಲೆ ಹಿಡಿಯುತ್ತದೆ. ಕಾಗದದ ತೂಕ ಎಷ್ಟು ಹೆಚ್ಚಿತೋ ಅದನ್ನು ಎಳೆದ ಗಾಳಿಯ ಗಾತ್ರದಿಂದ ಭಾಗಿಸಬೇಕು. ಉದಾಹರಣೆಗೆ, ನಿಮಿಷಕ್ಕೆ 1.1 ಘನ ಮೀಟರಿನಂತೆ 24 ಗಂಟೆ ಎಳೆದರೆ 1,584 ಘನ ಮೀಟರ್ ಗಾಳಿಯಾಯಿತು. ಕಾಗದ 0.19 ಗ್ರಾಂ ಹೆಚ್ಚು ತೂಗಿದರೆ ಘನ ಮೀಟರಿಗೆ ಸುಮಾರು 120 ಮೈಕ್ರೋಗ್ರಾಂ ಧೂಳು. 2009ರ ರಾಷ್ಟ್ರೀಯ ಮಾನಕದಲ್ಲಿ ಪಿ.ಎಂ. 10ಕ್ಕೆ 24 ಗಂಟೆಯ ಮಿತಿ 100, ವಾರ್ಷಿಕ ಸರಾಸರಿಯ ಮಿತಿ 60, ಪಿ.ಎಂ. 2.5ಕ್ಕೆ ಕ್ರಮವಾಗಿ 60 ಮತ್ತು 40.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಈ ಮಾನಕದ ಹನ್ನೆರಡು ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ಎಲೆಯ ಮೇಲೆ ಬೀಳುವ ದಪ್ಪ ಧೂಳು ಇಲ್ಲವೇ ಇಲ್ಲ. ವರದಿಯಲ್ಲಿ "ಮಿತಿಯೊಳಗಿದೆ" ಎಂದು ಬರೆದಿದ್ದರೆ ಅದು ಮನುಷ್ಯರ ಉಸಿರಿನ ಮಾತು. ಬೆಳೆ ಕೆಟ್ಟಿಲ್ಲ ಎಂದು ಅದರಿಂದ ತೀರ್ಮಾನಿಸಲಾಗದು. ವರದಿ ಓದಿದವರೂ ಅನೇಕ ವೇಳೆ ಇಲ್ಲಿ ಎಡವುತ್ತಾರೆ.

ಬೀಳುವ ಧೂಳನ್ನು ರೈತನೇ ಅಳೆಯಬಹುದು. ಬಾಯಿ 20 ಸೆಂಟಿಮೀಟರ್ ಅಗಲದ, ನೇರ ಗೋಡೆಯ ಆಳವಾದ ಎರಡು ಸ್ಟೀಲ್ ಪಾತ್ರೆಗಳನ್ನು ತೆಗೆದುಕೊಂಡು ತಳದಲ್ಲಿ ಶುದ್ಧ ನೀರು ಹಾಕಿ, ಆಳೆತ್ತರದ ಕಂಬದ ಮೇಲೆ ಭದ್ರಪಡಿಸಬೇಕು. ಒಂದು ರಸ್ತೆಯ ಕಡೆಯ ಬದುವಿನಲ್ಲಿರಲಿ, ಇನ್ನೊಂದು ಅದೇ ಊರಿನಲ್ಲಿ ಯಾವ ರಸ್ತೆಗೂ ಹತ್ತಿರವಿಲ್ಲದ ಹೊಲದಲ್ಲಿರಲಿ. ಮರದಡಿ, ಕಣದ ಬಳಿ ಇಡಬಾರದು. ಹಕ್ಕಿ ಕೂರದಂತೆ ಸುತ್ತ ನಾಲ್ಕು ಮುಳ್ಳುಕಡ್ಡಿ ಕಟ್ಟಿದರೆ ಸಾಕು. ನೀರು ಆರಿದಂತೆ ಸೇರಿಸುತ್ತಾ 30 ದಿನ ಬಿಡುವುದು. ಬಳಿಕ ಎಲೆ, ಹುಳುಗಳನ್ನು ತೆಗೆದು, ನೀರನ್ನು ನಿಧಾನವಾಗಿ ಇಂಗಿಸಿ, ಉಳಿದ ಮಣ್ಣನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಬೇಕು. ಬೋರ್‌ವೆಲ್ ನೀರು ಬಳಸಿದರೆ ಅದರ ಉಪ್ಪೂ ತೂಕಕ್ಕೆ ಬರುತ್ತದೆ, ಆದ್ದರಿಂದ ಮಳೆ ನೀರು ಅಥವಾ ಬ್ಯಾಟರಿಗೆ ಹಾಕುವ ನೀರು ಒಳ್ಳೆಯದು. ಇಂಥ ಪಾತ್ರೆಯಲ್ಲಿ ಒಂದು ಗ್ರಾಂ ಸಿಕ್ಕರೆ ಚದರ ಮೀಟರಿಗೆ ಸುಮಾರು 32 ಗ್ರಾಂ ಬಿದ್ದಿತೆಂದು ಲೆಕ್ಕ. ಎರಡು ಪಾತ್ರೆಗಳ ವ್ಯತ್ಯಾಸವೇ ರಸ್ತೆಯ ಪಾಲು. ಇದು ಪ್ರಯೋಗಶಾಲೆಯ ಅಳತೆಯಲ್ಲ, ಆದರೆ ಬಾಯಿಮಾತಿಗಿಂತ ಬಹಳ ಮೇಲು.

ಎಲೆಯಿಂದಲೂ ಅಳೆಯಬಹುದು. ರಸ್ತೆಯಿಂದ 10, 50, 100 ಮತ್ತು 200 ಮೀಟರ್ ದೂರದಲ್ಲಿ ಒಂದೇ ತಳಿಯ, ಒಂದೇ ವಯಸ್ಸಿನ ಗಿಡಗಳ ಒಂದೇ ಎತ್ತರದ ಹತ್ತು ಹತ್ತು ಎಲೆಗಳನ್ನು ಕಿತ್ತು, ಬೇರೆ ಬೇರೆ ಬಟ್ಟಲಲ್ಲಿ ತೊಳೆದು, ಆ ನೀರನ್ನು ಆರಿಸಿ ತೂಗುವುದು. ಎಲೆಗಳ ವಿಸ್ತೀರ್ಣವನ್ನು ಚೌಕುಳಿ ಕಾಗದದ ಮೇಲೆ ಗುರುತಿಸಿ ಎಣಿಸಬಹುದು. ದೂರ ಹೋದಂತೆ ಧೂಳು ಕ್ರಮವಾಗಿ ಇಳಿದರೆ ಅದು ರಸ್ತೆಯದೇ. ಎಲ್ಲ ಕಡೆ ಒಂದೇ ಸಮನಿದ್ದರೆ ಬೇರೆ ಮೂಲವನ್ನು, ಬಹುಶಃ ಕ್ರಷರನ್ನೋ ಬಿತ್ತನೆಗೆ ಉತ್ತ ಹೊಲಗಳನ್ನೋ, ಹುಡುಕಬೇಕು. ಹೀಗೆ ಬಂದರೆ ಅದನ್ನೂ ಒಪ್ಪಿಕೊಳ್ಳತಕ್ಕದ್ದು.

ಗಾಳಿಯ ದಿಕ್ಕನ್ನು ಮರೆಯಬಾರದು. ಮುಂಗಾರಿನಲ್ಲಿ ನೈಋತ್ಯದಿಂದಲೂ ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವ, ಈಶಾನ್ಯಗಳಿಂದಲೂ ಬೀಸುವುದರಿಂದ, ಉತ್ತರ ದಕ್ಷಿಣವಾಗಿ ಸಾಗುವ ರಸ್ತೆಯಾದರೆ ಹಿಂಗಾರಿ ಬೆಳೆಯ ಕಾಲದಲ್ಲಿ ಪಶ್ಚಿಮ ಬದಿಯ ಹೊಲಕ್ಕೆ ಹೆಚ್ಚು ಧೂಳು.

ಅಳತೆ ಕಾಮಗಾರಿಗೆ ಮುನ್ನವೇ ಆರಂಭವಾಗಬೇಕು. ಆಗಿನ ಬಳ್ಳಾರಿ ಜಿಲ್ಲೆಯ ಸಂಡೂರು, ಹೊಸಪೇಟೆ ಕಡೆಯ ರಸ್ತೆಬದಿಯ ರೈತರು ಅದಿರು ಲಾರಿಗಳ ಕೆಂಪು ಧೂಳನ್ನು ವರ್ಷಗಟ್ಟಲೆ ಉಂಡರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಕೆಂಪು ಎಲೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆದರೆ ಲಾರಿ ಬರುವ ಮುಂಚಿನ ಇಳುವರಿಯ, ಧೂಳಿನ ಲೆಕ್ಕ ಕೈಯಲ್ಲಿಲ್ಲದವನು ತನ್ನ ನಷ್ಟ ಇಷ್ಟೇ ಎಂದು ತೋರಿಸುವುದು ಹೇಗೆ?

2006ರ ಪರಿಸರ ಪರಿಣಾಮ ಅಧಿಸೂಚನೆಗೆ ಒಳಪಡುವ ಹೆದ್ದಾರಿ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆ ಉಂಟು. ಹೊಸದಾಗಿ ಜಮೀನು ಬೇಕಿಲ್ಲದ ಅಗಲೀಕರಣಕ್ಕೆ ವಿನಾಯಿತಿ ಇದೆ. ವಿಚಾರಣೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರುತ್ತದೆ. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಗಳಲ್ಲಿ ನೋಡಲು ಸಿಗುತ್ತದೆ, ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಅದರಲ್ಲಿ ಯಂತ್ರವನ್ನು ಯಾವ ಊರಿನಲ್ಲಿ, ಯಾವ ತಾರೀಖಿನಲ್ಲಿ ಇಟ್ಟಿದ್ದರು ಎಂದು ನೋಡಿರಿ. ಮಳೆ ಬಿದ್ದ ಮರುದಿನದ್ದೋ, ಕಾಂಪೌಂಡು ಗೋಡೆಯ ಹಿಂದಿನದ್ದೋ ಆಗಿದ್ದರೆ ಲೆಕ್ಕ ಕಡಿಮೆ ಬಂದಿರುತ್ತದೆ. ಡೈವರ್ಷನ್ ರಸ್ತೆ, ಕ್ರಷರ್, ಡಾಂಬರು ಮಿಶ್ರಣದ ಘಟಕ ಎಲ್ಲಿ ಬರುತ್ತವೆ, ದಿನಕ್ಕೆ ಎಷ್ಟು ಬಾರಿ ನೀರು ಚಿಮುಕಿಸುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿರಿ. ಬೇಸಿಗೆಯ ಮಧ್ಯಾಹ್ನ ಚಿಮುಕಿಸಿದ ನೀರು ಬೇಗ ಆರಿಹೋಗುತ್ತದೆ. ದಿನಕ್ಕೆ ಎರಡು ಸಲ ಎಂದರೆ ಸಾಲದು. ವಿಚಾರಣೆಯ ಕೊನೆಗೆ ನಡವಳಿಯನ್ನು ಕನ್ನಡದಲ್ಲಿ ಓದಿ ತಿಳಿಸಬೇಕೆಂದು ನಿಯಮವಿದೆ. ಅದಕ್ಕೆ ಮೊದಲೇ ಎದ್ದು ಹೋಗಬಾರದು.

ಕಾಮಗಾರಿ ಈಗಾಗಲೇ ಶುರುವಾಗಿರುವ ಊರಿನವರು ದೂರದ ಪಾತ್ರೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ರೇಷ್ಮೆ ಬೆಳೆಗಾರರು ಅಲ್ಲಿಯವರೆಗೆ ರಸ್ತೆ ಬದಿಯ ಮೊದಲ ಸಾಲುಗಳ ಸೊಪ್ಪನ್ನು ಚಾಕಿ ಹುಳುಗಳಿಗೆ ಕೊಡದಿರುವುದು ಲೇಸು. ಬೇರೆ ಸೊಪ್ಪಿಲ್ಲದಿದ್ದರೆ ತೊಳೆದು, ನೆರಳಿನಲ್ಲಿ ನೀರು ಪೂರ್ತಿ ಆರಿಸಿದ ಮೇಲೆಯೇ ಬೆಳೆದ ಹುಳುಗಳಿಗೆ ಹಾಕುವುದು. ಮೆಣಸಿನ ಗಿಡದ ಎಲೆಯ ಅಡಿಭಾಗವನ್ನು ವಾರಕ್ಕೊಮ್ಮೆ ನೋಡಬೇಕು. ಧೂಳಿನಲ್ಲಿ ನುಸಿಯನ್ನು ತಿನ್ನುವ ಮಿತ್ರಕೀಟಗಳು ಕಡಿಮೆಯಾಗುತ್ತವೆ. ಕೂಡಲೇ ಔಷಧಿ ಹೊಡೆಯುವ ಬದಲು ಮೊದಲು ಸ್ಪ್ರೇಯರಿನಲ್ಲಿ ಬರಿಯ ನೀರು ಹಾಕಿ ಬೆಳಗ್ಗೆ ಎಲೆ ತೊಳೆದು ನೋಡಿರಿ.