ಸುನಾಮಿಯ ಸುಳಿವು ಆಕಾಶದಲ್ಲಿ, ಎಚ್ಚರಿಕೆ ಯಾವ ಭಾಷೆಯಲ್ಲಿ?

(ಕಾಕತಿಯಲ್ಲಿ ಕನ್ನಡ ಯುವಕರ ಮುಂದೆ ಮಾಡಿದ ಭಾಷಣದ ಬರಹರೂಪ)



ರಾಣಿ ಚೆನ್ನಮ್ಮ ಹುಟ್ಟಿದ ಈ ಕಾಕತಿಯಲ್ಲಿ ನಿಂತು ಕಡಲಿನ ಮಾತಾಡುತ್ತೇನೆಂದರೆ ನಿಮಗೆ ನಗು ಬಂದೀತು. ‘ಬೆಳಗಾವಿಗೂ ಸುನಾಮಿಗೂ ಏನ್ರೀ ಸಂಬಂಧ? ನಡುವೆ ಇಡೀ ಸಹ್ಯಾದ್ರಿ ನಿಂತಿದೆ’ ಎಂದು ಕೇಳೀರಿ. ಕಾರವಾರದಿಂದ ಉಳ್ಳಾಲದವರೆಗಿನ ದಡ ಕರ್ನಾಟಕದ್ದಲ್ಲವೇ? ಅಲ್ಲಿ ಬಲೆ ಬೀಸುವವರು ನಮ್ಮವರಲ್ಲವೇ? ಇನ್ನೂ ಒಂದು ಸಂಬಂಧವಿದೆ, ಅದನ್ನು ಮುಂದೆ ಹೇಳುತ್ತೇನೆ.

2004ರ ಡಿಸೆಂಬರ್ 26. ಬೆಳಿಗ್ಗೆ ಆರೂವರೆಯ ಸುಮಾರಿಗೆ ಸುಮಾತ್ರಾದ ಬಳಿ ಕಡಲತಳ ನಡುಗಿತು. ಅಲೆ ತಮಿಳುನಾಡಿನ ದಡ ಮುಟ್ಟಲು ಎರಡು ತಾಸಿಗೂ ಹೆಚ್ಚು ಹಿಡಿಯಿತು. ಬೆಳಗಾವಿಯಲ್ಲಿ ಬಸ್ಸು ಹತ್ತಿದವನು ಹುಬ್ಬಳ್ಳಿ ಸೇರುವಷ್ಟು ಹೊತ್ತು! ಆದರೂ ಭಾರತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೊತ್ತು ಇತ್ತು, ಹೇಳುವವರು ಇರಲಿಲ್ಲ.

ನಮ್ಮ ಅರಬ್ಬೀ ಸಮುದ್ರವೂ ಸಾಧುವಲ್ಲ. 1945ರ ನವೆಂಬರಿನಲ್ಲಿ ಮಕ್ರಾನ್ ಕರಾವಳಿಯಲ್ಲಿ, ಅಂದರೆ ಇಂದಿನ ಪಾಕಿಸ್ತಾನದ ಬಲೂಚಿಸ್ತಾನದ ಅಂಚಿನಲ್ಲಿ, ಭೂಕಂಪದಿಂದ ಎದ್ದ ಸುನಾಮಿ ಮುಂಬಯಿಯಲ್ಲೂ ಜೀವ ತೆಗೆಯಿತು.

ಈಗ ವಿಜ್ಞಾನದ ಮಾತು. ನಡುಗಡಲಿನಲ್ಲಿ ಸುನಾಮಿಯ ಎತ್ತರ ಎಷ್ಟೋ ಸಲ ಒಂದು ಮೀಟರೂ ಇರುವುದಿಲ್ಲ. ದೋಣಿಯಲ್ಲಿರುವವನಿಗೆ ಗೊತ್ತೇ ಆಗುವುದಿಲ್ಲ. ಆದರೆ ಅದರ ಉದ್ದ ನೂರಾರು ಕಿಲೋಮೀಟರ್, ವೇಗ ತಾಸಿಗೆ 700-800 ಕಿಲೋಮೀಟರ್. ಅಷ್ಟು ವಿಸ್ತಾರದ ನೀರು ಒಟ್ಟಿಗೆ ಏರಿಳಿದರೆ ಮೇಲಿನ ಗಾಳಿಯೂ ಏರಿಳಿಯುತ್ತದೆ. ಗಾಳಿಯ ಆ ಅಲೆ ಮೇಲಕ್ಕೆ ಹೊರಡುತ್ತದೆ. ಮೇಲೆ ಹೋದಂತೆ ಗಾಳಿ ತೆಳು, ಅಲೆ ದೊಡ್ಡದು. ಬಾರುಕೋಲಿನ ಹಿಡಿ ತುಸು ಅಲುಗಿದರೂ ತುದಿ ಜೋರಾಗಿ ಬೀಸುವುದಿಲ್ಲವೇ, ಹಾಗೆ. ಸುಮಾರು 300 ಕಿಲೋಮೀಟರ್ ಎತ್ತರಕ್ಕೆ ಹೋಗುವಷ್ಟರಲ್ಲಿ ಅದು ಸಾವಿರಾರು ಪಟ್ಟು ಬೆಳೆದಿರುತ್ತದೆ. ಅಲ್ಲಿರುವುದು ಅಯಾನುಗೋಳ. ಸೂರ್ಯಕಿರಣದ ಹೊಡೆತಕ್ಕೆ ಬಿಡಿಯಾದ ಎಲೆಕ್ಟ್ರಾನುಗಳು ತುಂಬಿದ ಪದರ. ಅಲೆ ತಟ್ಟಿದಾಗ ಅವು ಒಂದು ಕಡೆ ದಟ್ಟವಾಗುತ್ತವೆ, ಇನ್ನೊಂದು ಕಡೆ ವಿರಳವಾಗುತ್ತವೆ.

ಇದನ್ನು ನೋಡುವುದು ಹೇಗೆ? 20,000 ಕಿಲೋಮೀಟರ್ ಮೇಲಿರುವ ಜಿಪಿಎಸ್ ಉಪಗ್ರಹಗಳು ಒಂದಕ್ಕಿಂತ ಹೆಚ್ಚು ಆವರ್ತನಗಳಲ್ಲಿ ಸಂಕೇತ ಕಳಿಸುತ್ತವೆ. ಎಲೆಕ್ಟ್ರಾನುಗಳ ನಡುವೆ ಹಾದು ಬರುವಾಗ ಒಂದು ಆವರ್ತನ ಇನ್ನೊಂದಕ್ಕಿಂತ ತುಸು ತಡವಾಗುತ್ತದೆ. ಆ ತಡವನ್ನು ಅಳೆದರೆ ಎಲೆಕ್ಟ್ರಾನುಗಳ ಲೆಕ್ಕ ಸಿಗುತ್ತದೆ. 2004ರ ಆ ದಿನದ ಕಲಕಾಟ ಭಾರತದ ಗ್ರಾಹಕಗಳ ದಾಖಲೆಯಲ್ಲೂ ಸಿಕ್ಕಿತು. ಆದರೆ ಎಲ್ಲ ಮುಗಿದ ಮೇಲೆ! 2025ರ ಜುಲೈನಲ್ಲಿ ರಷ್ಯಾದ ಕಮ್ಚಾಟ್ಕಾದಲ್ಲಿ 8.8 ಪ್ರಮಾಣದ ಭೂಕಂಪವಾದಾಗ ಕಥೆ ಬೇರೆಯಾಯಿತು. ಅಮೆರಿಕದ ನಾಸಾ ಸಂಸ್ಥೆಯ ‘ಗಾರ್ಡಿಯನ್’ ವ್ಯವಸ್ಥೆ, ಅಲೆ ಹವಾಯಿ ಮುಟ್ಟುವ 30-40 ನಿಮಿಷ ಮೊದಲೇ ಅದನ್ನು ಆಕಾಶದಲ್ಲಿ ಗುರುತಿಸಿತು.

ಇದಕ್ಕೂ ಮಿತಿ ಇದೆ. ಅಲೆಯ ಗುರುತು ಅಷ್ಟು ಮೇಲಕ್ಕೇರಲು ಹೊತ್ತು ಬೇಕು, ಆದ್ದರಿಂದ ಭೂಕಂಪದ ಪಕ್ಕದ ದಡಕ್ಕೆ ಇದು ಉಪಯೋಗಕ್ಕೆ ಬಾರದು. ಸೂರ್ಯನ ಅಬ್ಬರವೂ ಅಯಾನುಗೋಳವನ್ನು ಕದಡುತ್ತದೆ. ಹಾಗಾಗಿ ಕಡಲತಳದ ಮಾಪಕಗಳು ಬೇಕೇ ಬೇಕು. ಇದು ಅವುಗಳ ಜೊತೆಗೆ ಇನ್ನೊಂದು ಕಣ್ಣು.

ಆಗಲೇ ಹೇಳುತ್ತೇನೆಂದ ಸಂಬಂಧ ಇಲ್ಲಿದೆ ಕೇಳಿ. ಈ ಗ್ರಾಹಕ ದಡದಲ್ಲೇ ಇರಬೇಕಿಲ್ಲ! ಕಾಕತಿಯ ಒಂದು ಮಾಳಿಗೆಯ ಮೇಲಿಟ್ಟರೂ, ಪಡುವಣದಲ್ಲಿ ತಗ್ಗಿ ನಿಂತ ಉಪಗ್ರಹದ ಸಂಕೇತ ಅರಬ್ಬೀ ಸಮುದ್ರದ ಮೇಲೆ ನೂರಾರು ಕಿಲೋಮೀಟರ್ ಆಚೆ ಅಯಾನುಗೋಳವನ್ನು ಹಾದು ಇಲ್ಲಿಗೆ ಬರುತ್ತದೆ. ಅಂದರೆ ಸಹ್ಯಾದ್ರಿಯ ಈಚೆಯಿಂದಲೇ ಕಡಲು ಕಾಯಬಹುದು. ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ನಾವಿಕ್ ಉಪಗ್ರಹಗಳಿಗೆ ಇಸ್ರೋ 2013ರಲ್ಲಿ ಕೇಂದ್ರ ತೆರೆದದ್ದು ಬ್ಯಾಲಾಳುವಿನಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನಮ್ಮ ಬೆಳಗಾವಿಯಲ್ಲೇ ಇದೆ. ಈ ಕೆಲಸವನ್ನು ಕನ್ನಡದ ಹುಡುಗ ಹುಡುಗಿಯರು ಏಕೆ ಕೈಗೆತ್ತಿಕೊಳ್ಳಬಾರದು?

2007ರಿಂದ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವಿದೆ. ಅಲ್ಲಿಂದ ಸುದ್ದಿ ಹೊರಟೀತು. ಆದರೆ ಉಪಗ್ರಹ, ಕಂಪ್ಯೂಟರು, ಕಚೇರಿ ಎಲ್ಲ ದಾಟಿದ ಮೇಲೆ ಕೊನೆಯ ಹೆಜ್ಜೆ ಭಾಷೆಯದು. ಮಲ್ಪೆಯಲ್ಲಿ ಮೀನು ಒಣಗಿಸುವ ತಾಯಿಗೆ ‘ಅಡ್ವೈಸರಿ’, ‘ಇವ್ಯಾಕ್ಯುಯೇಟ್’ ಎಂದರೆ ಏನು ತಿಳಿದೀತು? ‘ಅಲೆ ಬರುತ್ತಿದೆ, ಎತ್ತರಕ್ಕೆ ಓಡಿ!’ ಇಷ್ಟೇ ಸಾಕು. ಕನ್ನಡದಲ್ಲಿ ಹೇಳಲಿ, ಜೊತೆಗೆ ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳಲಿ. ಆಕಾಶ ಗಳಿಸಿಕೊಟ್ಟ ಅರ್ಧ ತಾಸನ್ನು ಅರ್ಥವಾಗದ ಮಾತು ನುಂಗಿಬಿಡಬಾರದು.

ಅಚ್ಚುಕೂಟದವನಾಗಿ ಒಂದು ಮಾತು ಹೇಳುತ್ತೇನೆ. ಆ ನಾಲ್ಕು ಪದದ ಭಿತ್ತಿಪತ್ರ ಅಚ್ಚು ಹಾಕಲು ಒಂದು ತಾಸು ಸಾಕು. ಆದರೆ ಅಲೆ ಎದ್ದ ಮೇಲೆ ಆ ಒಂದು ತಾಸು ಯಾರಿಗೂ ಸಿಗುವುದಿಲ್ಲ. ಅದು ಇಂದೇ ಗೋಡೆಯ ಮೇಲಿರಬೇಕು.

ನಾಮಫಲಕದ ಕನ್ನಡಕ್ಕೆ ಬೀದಿಗಿಳಿದವರು ನೀವು. ಜೀವ ಉಳಿಸುವ ಕನ್ನಡಕ್ಕೂ ಇಳಿಯಿರಿ. ಕರಾವಳಿಯ ಜಿಲ್ಲಾಡಳಿತಗಳಿಗೆ ಪತ್ರ ಬರೆಯಿರಿ. ಎಚ್ಚರಿಕೆ ಯಾವ ಭಾಷೆಯಲ್ಲಿ ದಡ ಮುಟ್ಟುತ್ತದೆಂದು ಕೇಳಿರಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಿ.

ಜೈ ಕನ್ನಡಾಂಬೆ!