ದಾನಚಿಂತಾಮಣಿಯ ಯೌವನ



ಧರ್ಮಬಂಧುಗಳೆ, ಅತ್ತಿಮಬ್ಬೆಯ ಹೆಸರು ಬಂದೊಡನೆ ನಾವು 'ದಾನಚಿಂತಾಮಣಿ' ಎಂದು ಕೈಮುಗಿಯುತ್ತೇವೆ. ಆ ಬಿರುದಿನ ಹಿಂದೆ ಹಸುಗೂಸನ್ನು ಎತ್ತಿಕೊಂಡು ನಿಂತ ಒಬ್ಬ ತರುಣ ವಿಧವೆ ಇದ್ದಳೆಂಬುದನ್ನು ನೆನೆಯುವವರು ಕಡಿಮೆ.

ಆಕೆ ಮಲ್ಲಪಯ್ಯನ ಮಗಳು. ಚಾಲುಕ್ಯ ತೈಲಪನ ಮಂತ್ರಿ ಧಲ್ಲಪನ ಸೊಸೆ. ಅಕ್ಕ ತಂಗಿಯರಿಬ್ಬರನ್ನೂ ನಾಗದೇವನಿಗೆ ಕೊಟ್ಟಿದ್ದರು. ನಾಗದೇವನು ಯುದ್ಧದಲ್ಲಿ ಮಡಿದನು. ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಮಗ ಅಣ್ಣಿಗದೇವನಿಗಾಗಿ ಅತ್ತಿಮಬ್ಬೆ ಉಳಿದಳು. ತಂಗಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ಆ ಕಾಲದ ವೀರಕುಲಗಳ ರೂಢಿ. ಆದರೆ ಒಂದೇ ಮನೆಯಲ್ಲಿ ಒಬ್ಬಳು ಚಿತೆಯೇರಿದ ಮೇಲೆ ಇನ್ನೊಬ್ಬಳು ಬದುಕಿ ಉಳಿಯುವುದು ಸುಲಭದ ಮಾತೇ? ಆಕೆ ವ್ರತನಿಯಮಗಳಿಂದ ದೇಹವನ್ನು ದಂಡಿಸಿದಳು, ಮಗನನ್ನು ಬೆಳೆಸಿದಳು, ಕೈಗೆ ಕೆಲಸ ಹಚ್ಚಿಕೊಂಡಳು.

ಪೊನ್ನನ ಶಾಂತಿಪುರಾಣವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪಯ್ಯ ಮತ್ತು ಚಿಕ್ಕಪ್ಪ ಪುನ್ನಮಯ್ಯ. ತವರಿನ ಆ ಗ್ರಂಥಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ನಾನು ಲೆಕ್ಕದ ಪುಸ್ತಕ ಬರೆಯುವವನು, ಆದ್ದರಿಂದ ನನ್ನ ಬುದ್ಧಿ ಅತ್ತಲೇ ಓಡುತ್ತದೆ. ಒಂದು ಪ್ರತಿಗೆ ನೂರು ಗರಿ ಎಂದು ಹಿಡಿದರೂ ಒಟ್ಟು ಒಂದು ಲಕ್ಷ ಗರಿಗಳಾದವು! ಓಲೆಯನ್ನು ಕೊಯ್ದು ಹದಮಾಡಿ ಒಣಗಿಸಬೇಕು. ಲಿಪಿಕಾರನು ಕಂಠದಿಂದ ಕೊರೆಯಬೇಕು. ಅಕ್ಷರ ಕಾಣುವಂತೆ ಮಸಿ ತೀಡಬೇಕು. ರಂಧ್ರ ಕೊರೆದು ದಾರ ಪೋಣಿಸಬೇಕು. ಇಷ್ಟು ಜನರ ಕೂಲಿ, ಊಟ, ತಪ್ಪು ತಿದ್ದುವ ವಿದ್ವಾಂಸರ ಸಂಭಾವನೆ ಬೇರೆ. ಇದು ಹಣದ ಚೀಲ ಬಿಚ್ಚಿ ಮುಗಿಸುವ ದಾನವಲ್ಲ, ಹಲವು ಕಾಲ ಎದುರಿಗೆ ನಿಂತು ನಡೆಸಬೇಕಾದ ಉದ್ಯಮ. ಸಾವಿರದೈನೂರು ಜಿನಬಿಂಬಗಳನ್ನೂ ಮಾಡಿಸಿದಳೆಂದು ಪ್ರಸಿದ್ಧಿ.

ರನ್ನನನ್ನು ಪೋಷಿಸಿ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳೂ ಈಕೆಯೇ. ರನ್ನನು ಬಳೆಗಾರರ ಮನೆಯಲ್ಲಿ ಹುಟ್ಟಿದವನು. ವ್ಯಾಪಾರಿಗಳಾದ ನಮಗೆ ಅದೊಂದು ಸಣ್ಣ ಹೆಮ್ಮೆ. ಆಕೆಯ ದುಃಖದ ಕಥೆಯನ್ನು ಕಾವ್ಯದಲ್ಲಿಟ್ಟು ನಮ್ಮ ತನಕ ತಲುಪಿಸಿದವನು ಅವನೇ.

1007ರಲ್ಲಿ ಲೊಕ್ಕಿಗುಂಡಿಯಲ್ಲಿ, ಅಂದರೆ ಗದಗಿನ ಸಮೀಪದ ಲಕ್ಕುಂಡಿಯಲ್ಲಿ, ಆಕೆ ಕಟ್ಟಿಸಿದ ಜಿನಾಲಯ ಇಂದಿಗೂ ನಿಂತಿದೆ. ಆ ವೇಳೆಗೆ, ಯಾರಿಗಾಗಿ ಅವಳು ಬದುಕಿ ಉಳಿದಳೋ ಆ ಅಣ್ಣಿಗದೇವನು ಮಾಸವಾಡಿ ನಾಡನ್ನು ಆಳುತ್ತಿದ್ದನು.