ಮೇಜಿನ ಬಳಿ ಕುಳಿತ ಮೂರನೆಯವರು



‘ಇಬ್ಬರ ಜಗಳ ಮೂರನೆಯವರಿಗೆ ಲಾಭ’ ಎನ್ನುತ್ತೇವೆ. ಜಗಳ ಬಿಡಿಸಲೆಂದೇ ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತ ಒಬ್ಬ ಮೂರನೆಯವರ ಬಗ್ಗೆ ಇಂದು ಹೇಳುತ್ತೇನೆ. ಆ ಮೂರನೆಯವರು ನಾರ್ವೆ. ಇಡೀ ದೇಶದ ಜನಸಂಖ್ಯೆ ಸುಮಾರು 55 ಲಕ್ಷ, ಅಂದರೆ ಬೆಂಗಳೂರಿಗಿಂತ ಕಡಿಮೆ.

ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಸರ್ಕಾರಕ್ಕೂ ಫಾರ್ಕ್ ಬಂಡುಕೋರರಿಗೂ ಐದು ದಶಕ ಯುದ್ಧ ನಡೆಯಿತು. ಬೇರೆ ಸಶಸ್ತ್ರ ಗುಂಪುಗಳೂ ಸೇರಿಕೊಂಡವು. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಮಂದಿ ಊರು ಬಿಟ್ಟರು. 2012ರಲ್ಲಿ ಶಾಂತಿ ಮಾತುಕತೆ ನಾರ್ವೆಯಲ್ಲಿ ಆರಂಭವಾಗಿ, ನಂತರ ಕ್ಯೂಬಾದ ಹವಾನಾದಲ್ಲಿ ಮುಂದುವರಿಯಿತು. ನಾರ್ವೆ ಮತ್ತು ಕ್ಯೂಬಾ ಖಾತರಿದಾರ ದೇಶಗಳಾಗಿದ್ದವು. ತೀರ್ಪು ಕೊಡುವುದು ಅವರ ಕೆಲಸವಾಗಿರಲಿಲ್ಲ. ಮಾತು ಮುರಿಯುವ ಹೊತ್ತಿನಲ್ಲಿ ಇಬ್ಬರನ್ನೂ ಮತ್ತೆ ಕೂರಿಸುವುದು ಅವರ ಕೆಲಸವಾಗಿತ್ತು.

ಆರಂಭದಲ್ಲಿ ಮುಖ್ಯ ಸಂಧಾನಕಾರರೆಲ್ಲ ಗಂಡಸರೇ. ಕೊಲಂಬಿಯಾದ ಮಹಿಳಾ ಸಂಘಟನೆಗಳು ಪಟ್ಟು ಹಿಡಿದವು. 2013ರಲ್ಲಿ ಸರ್ಕಾರ ಇಬ್ಬರು ಮಹಿಳೆಯರನ್ನು ಸಂಧಾನಕಾರರನ್ನಾಗಿ ನೇಮಿಸಿತು. 2014ರಲ್ಲಿ ಲಿಂಗ ಸಮಾನತೆಯ ಉಪಸಮಿತಿ ರಚನೆಯಾಯಿತು. ನಾರ್ವೆ ಮತ್ತು ಕ್ಯೂಬಾದ ತಜ್ಞರು ಅದಕ್ಕೆ ನೆರವಾದರು. ಅದೇ ವರ್ಷ ಯುದ್ಧದಲ್ಲಿ ನೊಂದ 60 ಮಂದಿ ಹವಾನಾಕ್ಕೆ ಹೋಗಿ ತಮ್ಮ ಕಥೆಯನ್ನು ಎರಡೂ ಕಡೆಯವರ ಎದುರಿಗೇ ಹೇಳಿದರು. ಇದರ ಫಲ ಒಪ್ಪಂದದಲ್ಲಿ ಕಾಣುತ್ತದೆ: ಲೈಂಗಿಕ ದೌರ್ಜನ್ಯ ಎಸಗಿದವರಿಗೆ ಕ್ಷಮಾದಾನವಿಲ್ಲ.

2016ರ ಅಕ್ಟೋಬರ್‌ನಲ್ಲಿ ಜನಮತದಲ್ಲಿ ಒಪ್ಪಂದ ಕೂದಲೆಳೆಯಲ್ಲಿ ಸೋತಿತು. ಮತ್ತೆ ತಿದ್ದಿ ನವೆಂಬರ್‌ನಲ್ಲಿ ಸಹಿ ಹಾಕಿದರು.

ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಮಾತುಕತೆ ಮುಗಿಯುವ ಮೊದಲೇ, 2015ರಲ್ಲಿ, ‘ಎಲ್ ಒರೆಹೋನ್’ ಎಂಬ ಹಳ್ಳಿಯಲ್ಲಿ ನೆಲಬಾಂಬ್ ತೆಗೆಯುವ ಕೆಲಸ ಶುರುವಾಯಿತು. ‘ನಾರ್ವೇಜಿಯನ್ ಪೀಪಲ್ಸ್ ಏಡ್’ ಸಂಸ್ಥೆಯ ಮುಂದಾಳತ್ವದಲ್ಲಿ ಸೈನಿಕರೂ ಬಂಡುಕೋರರೂ ಸೇರಿ ಆ ನೆಲವನ್ನು ಶುಚಿಗೊಳಿಸಿದರು. ನೆಲದಲ್ಲಿ ಬಾಂಬ್ ಇರುವಾಗ ಮಕ್ಕಳು ಶಾಲೆಗೆ ಹೋಗುವುದು ಹೇಗೆ, ತಾಯಂದಿರು ಗದ್ದೆಗೆ ಇಳಿಯುವುದು ಹೇಗೆ?

ನಾರ್ವೆ ಎಲ್ಲೆಡೆ ಗೆದ್ದಿತೆಂದು ಹೇಳಲಾರೆ. ಶ್ರೀಲಂಕಾದಲ್ಲಿ ಅದು 2002ರಲ್ಲಿ ತಂದ ಕದನವಿರಾಮ ಉಳಿಯಲಿಲ್ಲ. 2009ರಲ್ಲಿ ಯುದ್ಧ ಸಾವಿರಾರು ಸಾವುಗಳೊಂದಿಗೆ ಮುಗಿಯಿತು. ಕೊಲಂಬಿಯಾದಲ್ಲೂ ಸಹಿಯ ನಂತರ, ಶಸ್ತ್ರ ಕೆಳಗಿಟ್ಟ 400ಕ್ಕೂ ಹೆಚ್ಚು ಮಂದಿಯ ಕೊಲೆಯಾಗಿದೆ. ಜಗಳ ನಿಲ್ಲಿಸುವ ಮನಸ್ಸು ಜಗಳವಾಡುವವರಿಗೇ ಇರಬೇಕು. ಮೂರನೆಯವರು ಬಾಗಿಲು ತೆರೆದಿಡಬಹುದು, ಅಷ್ಟೇ.

ನನ್ನದು ಸಾಫ್ಟ್‌ವೇರ್ ಕೆಲಸ. ಪ್ರಾಜೆಕ್ಟ್ ಲೈವ್ ಆದ ದಿನ ಕೇಕ್ ಕತ್ತರಿಸುತ್ತೇವೆ. ನಿಜವಾದ ಕೆಲಸ ಮರುದಿನದ ಸಪೋರ್ಟ್ ಟೀಮಿನದು. ಶಾಂತಿಯೂ ಹಾಗೆಯೇ. ಮುಂದೆ ಎಲ್ಲಾದರೂ ಒಪ್ಪಂದವಾಯಿತೆಂಬ ಸುದ್ದಿ ಓದಿದಾಗ ಎರಡು ಪ್ರಶ್ನೆ ಕೇಳಿಕೊಳ್ಳೋಣ: ಮೇಜಿನ ಬಳಿ ನೊಂದವರಿಗೆ ಜಾಗವಿತ್ತೇ? ಫೋಟೋ ತೆಗೆದ ಮೇಲೂ ಅಲ್ಲೇ ಉಳಿದವರು ಯಾರು?